ದಾಳಿಂಬೆ ಸಾಲಿನ ಕಡ್ಡಿಯ ವಿಳಾಸ

ನಂಬಬೇಡಿ. ನಾನೇ ಹೇಳುತ್ತಿದ್ದೇನೆ, ಇದರಲ್ಲಿ ಒಂದು ಮಾತನ್ನೂ ನಂಬಬೇಡಿ. ನನ್ನ ಮಾತು ನಂಬಿ ಪೇಚಿಗೆ ಬಿದ್ದವರನ್ನು ಸಾಲಾಗಿ ನಿಲ್ಲಿಸಿದರೆ ಆ ಸಾಲು ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನಿಂದ ಸೊಲ್ಲಾಪುರದ ಟವೆಲ್ ಅಂಗಡಿಗಳವರೆಗೆ ಹೋಗುತ್ತದೆ. ಆದರೂ ಒಂದು ಪಂಥ ಕಟ್ಟುತ್ತೇನೆ. ಕೊನೆಯವರೆಗೆ ಓದಿ, ನಂಬದೆ ಇದ್ದು ತೋರಿಸಿ. ನನ್ನ ಹೊಲದಲ್ಲಿ ಹುಗಿದಿದ್ದ ಗೇಣುದ್ದದ ಕಡ್ಡಿಯೊಂದನ್ನು, ಎರಡು ಬಸ್ಸು ಹತ್ತಿ ಹೋಗಬೇಕಾದ ಸೊಲ್ಲಾಪುರದಲ್ಲಿ ಕೂತು ನನ್ನ ಸೊಸೆ ಕರೆದಳು. ಅದು ಓ ಎಂದಿತು. ಓ ಎಂದದ್ದೇ ತಪ್ಪಾಯಿತು.

ನನ್ನ ದಾಳಿಂಬೆ ಹೊಲ ಕರಜಗಿಯ ಹತ್ತಿರ. ಪಕ್ಕದ ಕಬ್ಬಿನ ಹೊಲ ನನ್ನ ದೋಸ್ತನದು. ನಾವಿಬ್ಬರೂ ಒಂದೇ ಸಾಲಿಯಲ್ಲಿ ಒಂದೇ ಮಾಸ್ತರರ ಕೈಯಲ್ಲಿ ಏಟು ತಿಂದವರು. ಅರ್ಧ ಏಟು ನಾನು ಮಾಡಿದ ಚೇಷ್ಟೆಗೆ ಅವನು ತಿಂದದ್ದು. ಪ್ರಾಯದಲ್ಲಿ ಒಮ್ಮೆ ಅಕ್ಕಲಕೋಟೆಯಲ್ಲಿ ಸೊಲ್ಲಾಪುರದ ಎಸ್‌ಟಿ ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ನಾನು ಕಿಟಕಿಯ ಹೊರಗೆ ನಿಂತು, ಕಂಡಕ್ಟರನ ದನಿ ಮಾಡಿ, ಈ ಗಾಡಿ ಕೆಟ್ಟಿದೆ, ಆಚೆ ನಿಂತದ್ದಕ್ಕೆ ಹತ್ತಿರಿ ಎಂದು ಮರಾಠಿಯಲ್ಲಿ ಕೂಗಿದೆ. ಗಾಡಿ ಖಾಲಿಯಾಯಿತು. ನಾವಿಬ್ಬರೂ ಕಿಟಕಿ ಪಕ್ಕ ಕೂತು ಸೊಲ್ಲಾಪುರಕ್ಕೆ ಹೋದೆವು. ಮಂದಿ ತಿರುಗಿ ಓಡಿ ಬಂದು ಬೈಯುವಾಗ ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡಿದ್ದೆ. ಬೈಗುಳ ಪೂರ್ತಿ ಅವನ ಪಾಲಿಗೆ ಬಂತು. ಇಳಿಯುವಾಗ ಅವನು ಹೇಳಿದ್ದು ಒಂದೇ ಮಾತು: "ಮತ್ತೊಮ್ಮಿ ಮಾಡೋದಿದ್ರ ನನಗ ಮದಲ ಹೇಳಲೇ, ನಾನೂ ಕಣ್ಣ ಮುಚ್ಚತೀನಿ."

ಅಂಥ ದೋಸ್ತ.

ನಮ್ಮಿಬ್ಬರ ನಡುವೆ ಒಂದು ಬಾವಿ ಇದೆ. ಅಜ್ಜಂದಿರು ಕೂಡಿ ತೋಡಿಸಿದ್ದು. ಮಳೆಗಾಲದಲ್ಲಿ ಅದರ ನೆನಪು ಯಾರಿಗೂ ಇರುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮಾತ್ರ ನೀರು ತಳ ಹಿಡಿಯುತ್ತದೆ, ಆಗ ಪಾಳಿ ಶುರುವಾಗುತ್ತದೆ. ಮೂರು ದಿನ ನನ್ನ ಪಾಳಿ, ಮೂರು ದಿನ ಅವನದು. ಈ ಪಾಳಿಗೆ ಕಾಗದವಿಲ್ಲ, ಸಹಿ ಇಲ್ಲ. ಇದ್ದದ್ದು ಒಂದು ಪದ್ಧತಿ. ಪಾಳಿ ಬದಲಾಗುವ ದಿನ ಬೆಳಿಗ್ಗೆ ಇಬ್ಬರೂ ಅವರವರ ಬೆಳೆಯ ಬುಡದಿಂದ ಒಂದು ಹಿಡಿ ಮಣ್ಣು ತಂದು, ಮುಷ್ಟಿಯಲ್ಲಿ ಒತ್ತಿ, ಮೋಟರ್ ಖೋಲಿಯ ಕಟ್ಟೆಯ ಮೇಲೆ ಇಡಬೇಕು. ಮಣ್ಣು ಉಂಡೆಯಾಗಿ ಕೂತರೆ ಹೊಲ ಹಸಿ ಇದೆ ಎಂದು ಅರ್ಥ. ಉಂಡೆ ಕೂತವನು ತನ್ನ ಪಾಳಿ ಬಂದಿದ್ದರೂ ಒಂದು ದಿನ ಇನ್ನೊಬ್ಬನಿಗೆ ಬಿಟ್ಟುಕೊಡಬೇಕು. ಯಾರೂ ಕೇಳುವಂತಿಲ್ಲ, ಬಿಟ್ಟವನು ಹೇಳಿಕೊಳ್ಳುವಂತೆಯೂ ಇಲ್ಲ. ಭಾವಕಿಯ ಮಂದಿ, ಎಂದರೆ ಒಂದೇ ಮನೆತನದ ಅಣ್ಣತಮ್ಮಂದಿರು, ಬಾವಿಗಾಗಿ ಕೋರ್ಟಿಗೆ ಹೋಗಿ ಮುದುಕರಾದದ್ದನ್ನು ನಮ್ಮ ಸುತ್ತ ಎಷ್ಟು ಬೇಕಾದರೂ ನೋಡಿದ್ದೇವೆ. ನಮ್ಮ ಬಾವಿ ಮಾತಿನ ಮೇಲೆ ನಡೆಯಿತು. ಹೋದದ್ದು ಆ ಮಾತು. ಅದರ ಮುಂದೆ ದಾಳಿಂಬೆಯ ಫಸಲು ಹೋದದ್ದು ದೊಡ್ಡದಲ್ಲ.

ನಾನೇ ಒಮ್ಮೆ ಆ ಉಂಡೆಯಲ್ಲಿ ಆಟ ಆಡಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ. ಅವನ ಮದುವೆಯಾದ ಹೊಸತು. ಬೆಳಿಗ್ಗೆ ಏಳುವುದು ತಡವಾಗುತ್ತಿತ್ತು. ಅವನ ಹೊಲದ ಮಣ್ಣನ್ನು ನಾನೇ ತಂದು, ತಂಬಿಗೆಯ ನೀರು ಚಿಮುಕಿಸಿ, ಚಂದದ ಉಂಡೆ ಮಾಡಿ ಅವನ ಜಾಗದಲ್ಲಿ ಇಟ್ಟೆ. ಬಂದು ನೋಡಿದ, ನನ್ನ ಪುಡಿ ಮಣ್ಣನ್ನೂ ನೋಡಿದ, ಪಾಳಿ ಬಿಟ್ಟುಕೊಟ್ಟು ಹೋದ. ಮಧ್ಯಾಹ್ನದವರೆಗೆ ತಡೆದುಕೊಂಡೆ, ಆಮೇಲೆ ಅವನ ಮನೆ ಬಾಗಿಲಿಗೆ ಹೋಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಅವನ ಹೆಂಡತಿಗೆ ನನಗೆ ಹುಚ್ಚು ಹಿಡಿದಿದೆ ಅನಿಸಿತು. ಹೊತ್ತು ಮುಳುಗುವ ಮೊದಲು ಅವನ ಪಾಳಿ ಅವನಿಗೆ ಸಿಕ್ಕಿತು, ಮೇಲೆ ನನ್ನದು ಅರ್ಧ ದಿನ ದಂಡ. ಚೇಷ್ಟೆಗೆ ನಾನು ಒಂದೇ ಕಾಯ್ದೆ ಇಟ್ಟುಕೊಂಡವನು. ಅದೇ ದಿನ ನಗಬೇಕು, ಕಸಿದದ್ದನ್ನು ವಾಪಸ್ ಕೊಡಬೇಕು. ನಗದೆ ಇಟ್ಟುಕೊಂಡರೆ ಅದಕ್ಕೆ ಬೇರೆ ಹೆಸರಿದೆ.

ಈಗ ಕಡ್ಡಿಯ ವಿಷಯ. ಈಚೆಗೆ ನನ್ನ ಎರಡೂ ಕಣ್ಣಿಗೆ ಪೊರೆ ಬಂತು. ದೋಸ್ತನ ಎತ್ತಿಗೂ ದೋಸ್ತನಿಗೂ ಫರಕು ತಿಳಿಯದಾಯಿತು. ಇದನ್ನು ನಾನು ಅವನ ಎದುರೇ ಹೇಳಿದೆ. ಅವನು ಎತ್ತಿಗೆ ಸಿಟ್ಟು ಬರುತ್ತದೆ ಎಂದ. ಡಾಕ್ಟರು ಒಂದಾದ ಮೇಲೆ ಒಂದು ಆಪರೇಶನ್ ಮಾಡಬೇಕು, ಧೂಳಿಗೆ ಹೋಗಬಾರದು, ಬಗ್ಗಬಾರದು, ತಿಂಗಳ ಮೇಲೆ ಸೊಲ್ಲಾಪುರದಲ್ಲೇ ಇರಬೇಕು ಎಂದರು. ಸರಿಯಾಗಿ ದಾಳಿಂಬೆಯ ಬಹಾರ ಹಿಡಿದ ಹೊತ್ತು. ಬಹಾರ ಎಂದರೆ ಗಿಡಕ್ಕೆ ಕೆಲವು ವಾರ ನೀರು ನಿಲ್ಲಿಸಿ, ಎಲೆ ಉದುರಿಸಿ, ಆಮೇಲೆ ಒಮ್ಮೆಲೇ ನೀರು ಕೊಟ್ಟು ಹೂ ಬರಿಸುವುದು. ಹೂ ಬಂದ ಮೇಲೆ ನೀರು ತಪ್ಪಿತೋ, ಹೂವೆಲ್ಲ ನೆಲಕ್ಕೆ. ಮೊದಲ ನೀರು ನಾನೇ ಕೊಟ್ಟು, ಮೊಗ್ಗು ಕೆಂಪಗೆ ಕಣ್ಣು ಬಿಡುವುದನ್ನು ನನ್ನ ಮಬ್ಬುಗಣ್ಣಿನಿಂದ ನೋಡಿ, ಹಣ್ಣು ಬಂದಾಗ ಮನೆಮನೆಗೆ ಬುಟ್ಟಿ ಕಳಿಸುತ್ತೇನೆ ಎಂದು ಊರ ತುಂಬ ಹೇಳಿಕೊಂಡು ಬಂದಿದ್ದೆ.

ಸೊಸೆ ಸೊಲ್ಲಾಪುರದ ಒಂದು ಪಾಲಿಟೆಕ್ನಿಕ್‌ನಲ್ಲಿ ಇಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ಮನೆಯಲ್ಲಿ ಆಡುವುದು ಕನ್ನಡ, ಓದುವುದೆಲ್ಲ ಮರಾಠಿ. ಇದನ್ನು ಅವಳು ಓದಲಾರಳು, ಅದಕ್ಕೇ ಧೈರ್ಯವಾಗಿ ಹೊಗಳುತ್ತೇನೆ. ಬಲು ಜಾಣೆ. ಅವಳು ಒಂದು ರವಿವಾರ ಎರಡು ಕಡ್ಡಿ, ಒಂದು ಡಬ್ಬಿ ತಗೊಂಡು ಹೊಲಕ್ಕೆ ಬಂದಳು. ಒಂದು ಕಡ್ಡಿಯನ್ನು ನೀರಿನ ಮಟ್ಟ ನೋಡಲು ಬಾವಿಗೆ ಇಳಿಬಿಟ್ಟಳು. ಇನ್ನೊಂದು ಮಣ್ಣಿನ ಹಸಿ ನೋಡುವಂಥದ್ದು. ಅದನ್ನು ದಾಳಿಂಬೆಯಲ್ಲಿ, ಬಾವಿಯಿಂದ ಏಳನೇ ಸಾಲಿನ ಮೂರನೇ ಗಿಡದ ಬುಡಕ್ಕೆ ಹುಗಿದಳು. ಮೇಲೆ ಹಸಿರು ಟೋಪಿಯೊಂದೇ ಕಾಣುವಂತೆ. ಡಬ್ಬಿಯನ್ನು ಮೋಟರ್ ಖೋಲಿಯ ಮಾಳಿಗೆಯ ಮೇಲೆ ಕೂರಿಸಿದಳು.

ಕಡ್ಡಿಯೊಳಗೆ ಒಂದು ಪುಟ್ಟ ರೇಡಿಯೋ ಇದೆಯಂತೆ. ಗಡಿಯಾರಕ್ಕೆ ಹಾಕುವಂಥ ಬ್ಯಾಟರಿ, ಆದರೆ ವರ್ಷಗಟ್ಟಲೆ ಬರುತ್ತದೆ. ಹೇಗೆಂದರೆ ಕಡ್ಡಿ ಯಾವಾಗಲೂ ಮಲಗಿರುತ್ತದೆ. ಕಾಲು ತಾಸಿಗೊಮ್ಮೆ ಎದ್ದು, ಮಣ್ಣು ಇಷ್ಟು ಹಸಿ ಇದೆ ಎಂದು ಡಬ್ಬಿಗೆ ಹೇಳಿ, ನನಗೇನಾದರೂ ಸುದ್ದಿ ಬಂದಿದೆಯೇ ಎಂದು ಕೇಳಿ, ಮತ್ತೆ ಮಲಗುತ್ತದೆ. ನನ್ನ ಸೋದರಮಾವ ಒಬ್ಬ ಹೀಗೇ ಬದುಕಿದ್ದ. ಕಡ್ಡಿಯ ದನಿ ಒಂದೆರಡು ಹೊಲದಾಚೆ ಕೇಳುವುದಿಲ್ಲ, ಇಂಟರ್ನೆಟ್ಟು ಎಂದರೇನು ಎಂಬುದೂ ಅದಕ್ಕೆ ಗೊತ್ತಿಲ್ಲ. ಅದಕ್ಕೇ ಡಬ್ಬಿ. ಡಬ್ಬಿಯ ಒಂದು ಕಿವಿ ಕಡ್ಡಿಯ ಕಡೆ, ಇನ್ನೊಂದು ಕಿವಿ ಮೊಬೈಲ್ ಟವರಿನ ಕಡೆ. ಹೊಲದೊಳಗೆ ಡಬ್ಬಿಯೂ ಕಡ್ಡಿಯೂ ಒಂದನ್ನೊಂದು ಗಿಡ್ಡ ಹೆಸರಿನಿಂದ ಕರೆದುಕೊಳ್ಳುತ್ತವೆ, ಮನೆಯೊಳಗೆ ತಮ್ಮಾ, ಅಕ್ಕಾ ಅಂದ ಹಾಗೆ. ಆದರೆ ಹೊರಗಿನವರು ಕರೆಯಬೇಕಾದರೆ ಪೂರ್ತಿ ವಿಳಾಸ ಬೇಕು. ಆ ವಿಳಾಸ ಒಂದು ಸಾಲಿನಷ್ಟು ಉದ್ದ. ಅಂಕಿ, ಇಂಗ್ಲಿಷ್ ಅಕ್ಷರ, ನಡುನಡುವೆ ಮೇಲೊಂದು ಕೆಳಗೊಂದು ಚುಕ್ಕಿ. ಜಗತ್ತಿನ ಯಾವ ಮೂಲೆಯಿಂದ ಆ ವಿಳಾಸಕ್ಕೆ ಸುದ್ದಿ ಕಳಿಸಿದರೂ ಡಬ್ಬಿಗೆ ಬಂದು ಮುಟ್ಟುತ್ತದೆ. ಡಬ್ಬಿ ಅದನ್ನು ಗಿಡ್ಡ ಮಾಡಿ, ಕಡ್ಡಿ ಏಳುವವರೆಗೆ ಇಟ್ಟುಕೊಂಡಿದ್ದು, ಎದ್ದ ಕೂಡಲೇ ಕೊಡುತ್ತದೆ. ವಿಳಾಸದ ಮುಂದಿನ ಅರ್ಧ ಡಬ್ಬಿಯಿಂದ ಬಂದದ್ದು, ಹಿಂದಿನ ಅರ್ಧ ಕಡ್ಡಿಯ ಸ್ವಂತದ್ದು.

ನನಗೆ ಇದೆಲ್ಲ ಕೂಡಲೇ ತಿಳಿಯಿತು, ನನ್ನಂಥವನಿಗೆ ತಿಳಿಯದೆ ಇರುತ್ತದೆಯೇ. ಮುಂದಿನ ಅರ್ಧ ಎಂದರೆ ಊರು, ತಾಲೂಕು. ಹಿಂದಿನ ಅರ್ಧ ಎಂದರೆ ಮನೆ ನಂಬರು. ನನ್ನ ಡೈರಿಯಲ್ಲಿ ಅವಳ ಕೈಯಿಂದಲೇ ಆ ಉದ್ದ ವಿಳಾಸ ಬರೆಸಿ, ಅದರ ಮುಂದೆ "ದಾಳಿಂಬೆ, ಏಳನೇ ಸಾಲು, ಮೂರನೇ ಗಿಡ" ಎಂದು ನಾನು ಬರೆದುಕೊಂಡೆ. ಅವಳು ಇಣುಕಿ, ಏನು ಬರೆದಿರಿ ಎಂದು ಕೇಳಿದಳು. ಓದಿ ಹೇಳಿದೆ.

"ಮಾವಾರ, ಇದು ಜಾಗಾದ ಪತ್ತಾ ಅಲ್ಲರಿ. ಕಡ್ಡಿದು ಪತ್ತಾ."

"ಕಡ್ಡಿ ಎಲ್ಲೈತಿ? ಜಾಗಾದಾಗ ಐತಿಲ್ಲ?"

ಅವಳು ನಕ್ಕಳು. ಆಗ ನನಗೆ ಗೆದ್ದೆ ಅನಿಸಿತು. ಈಗ ಯೋಚಿಸಿದರೆ ಇದು ನಮ್ಮಂಥ ಹೊಲದವರು ಮಾತ್ರ ಮಾಡುವ ತಪ್ಪು. ನಮಗೆ ವಿಳಾಸ ಎಂದರೆ ನೆಲ. ಸರ್ವೆ ನಂಬರು ಎದ್ದು ನಡೆದು ಪಕ್ಕದ ಹೊಲಕ್ಕೆ ಹೋದದ್ದನ್ನು ನಮ್ಮಲ್ಲಿ ಯಾರು ಕಂಡಿದ್ದಾರೆ?

ದೋಸ್ತ ಆ ದಿನ ಬೆಳಿಗ್ಗೆಯಿಂದ ನಮ್ಮ ಜತೆಗೇ ಇದ್ದ. ಗುಂಡಿ ತೋಡಿದವನು ಅವನೇ, ಕಡ್ಡಿಯನ್ನು ನೆಟ್ಟಗೆ ಹಿಡಿದು ನಿಂತವನೂ ಅವನೇ. ನಾನು ಬದುವಿನ ಮೇಲೆ ಕೂತು, ಇನ್ನು ಮುಂದೆ ಯಾರನ್ನೂ ಏನೂ ಕೇಳುವ ಗರಜಿಲ್ಲ, ಸೊಲ್ಲಾಪುರದಲ್ಲಿ ಕಾಲು ಚಾಚಿ ಕೂತರೆ ನನ್ನ ನೆಲ ತಾನೇ ನನಗೆ ಹೇಳುತ್ತದೆ ಎಂದು ಜೋರಾಗಿ ಹೇಳುತ್ತಿದ್ದೆ. ಅವನು ಮಣ್ಣು ತುಳಿದು ಗಟ್ಟಿ ಮಾಡುತ್ತಿದ್ದ.

ಸೊಲ್ಲಾಪುರದಲ್ಲಿ ನಾನು ರಾಜನಂತೆ ಇದ್ದೆ. ಕಪ್ಪು ಕನ್ನಡಕ, ಹೊತ್ತುಹೊತ್ತಿಗೆ ಕಣ್ಣಿಗೆ ಔಷಧದ ಹನಿ. ಕೆಳಗಿನ ಗಲ್ಲಿಯಲ್ಲಿ ಪವರ್‌ಲೂಮುಗಳ ಖಟಖಟ. ಮೊದಲ ಎರಡು ದಿನ ತಲೆ ಒಡೆಯಿತು, ಮೂರನೇ ದಿನದಿಂದ ಅದು ನಿಂತರೆ ಎಚ್ಚರವಾಗುತ್ತಿತ್ತು. ಬೆಳಿಗ್ಗೆ ಸೊಸೆ ಕಾಲೇಜಿಗೆ ಹೋಗುವ ಮುನ್ನ ಫೋನಿನಲ್ಲಿ ದಾಳಿಂಬೆಯ ಕಡ್ಡಿಯನ್ನು ತೆರೆದುಕೊಡುತ್ತಿದ್ದಳು. ಹಸಿ ಇದ್ದರೆ ನೀಲಿ, ಒಣಗಿದರೆ ಕೆಂಪು. ಕೆಂಪಾದರೆ ನನ್ನ ಪಾಳಿಯ ನೀರನ್ನು ದೋಸ್ತನೇ ಬಿಡಬೇಕು ಎಂದು ಮಾತಾಗಿತ್ತು. ದಿನಾ ನೀಲಿ. ಪಕ್ಕದ ಮನೆಯ ಟವೆಲ್ ವ್ಯಾಪಾರಿಯನ್ನು ಕರೆದು ತೋರಿಸುತ್ತಿದ್ದೆ. ಅವರು ಮೊದಲ ದಿನ ಆಶ್ಚರ್ಯಪಟ್ಟರು, ಎರಡನೇ ದಿನ ಹೌದು ಹೌದು ಎಂದರು, ಆಮೇಲೆ ನನ್ನನ್ನು ಕಂಡರೆ ಮೆಟ್ಟಿಲ ಮೇಲೆ ಬಿರಬಿರನೆ ಇಳಿಯುತ್ತಿದ್ದರು.

ನನ್ನ ಪಾಳಿ ಬಂದ ದಿನ ನೀಲಿ ಕಂಡು ನಾನು ಮಾಡುತ್ತಿದ್ದ ಕೆಲಸ ಒಂದೇ, ದೋಸ್ತನಿಗೆ ಫೋನು. ಪದ್ಧತಿ ಬಿಡುವುದುಂಟೇ. ಹಸಿ ಇದ್ದವನು ಒಂದು ದಿನ ಬಿಟ್ಟುಕೊಡಬೇಕು, ನಾನು ಮೂರೂ ದಿನ ಬಿಡುತ್ತಿದ್ದೆ.

"ನಂದು ಹಸಿ ಐತಲೇ. ನನ್ನ ಪಾಳೀನೂ ನೀನ ತಗೊ."

"ನಕ್ಕಿ ಏನು, ಖರೇನ?"

"ಕಡ್ಡಿ ಹೇಳಾಕತ್ತೈತಿ."

"ಆತು ಹಂಗಾರ."

ಇಷ್ಟೇ ಮಾತು, ವಾರಕ್ಕೊಂದು ಸಲ. ಫೋನು ಇಟ್ಟ ಮೇಲೆ ನನ್ನ ದೊಡ್ಡತನಕ್ಕೆ ನಾನೇ ಸ್ವಲ್ಪ ಹೊತ್ತು ತಲೆದೂಗುತ್ತಿದ್ದೆ. ಎರಡನೇ ಕಣ್ಣಿನ ಆಪರೇಶನ್ ಆದ ವಾರ ಸೊಸೆ ಒಂದು ಮಾತು ಕೇಳಿದಳು. ನೀರೇ ಕೊಡದೆ ಹಸಿ ಹೇಗೆ ಉಳಿಯಿತು, ಅದೂ ನಡುವೆ ಎರಡು ಸಲ ಏರಿದೆಯಲ್ಲ ಎಂದು. ಉಳಿದದ್ದಕ್ಕೆ ನನ್ನ ಹತ್ತಿರ ಜವಾಬಿತ್ತು. ಗಿಡದ ಬುಡಕ್ಕೆ ಕಬ್ಬಿನ ಒಣಗರಿಯ ರವದಿ ಹಾಸಿದವನು ಯಾರು? ನಾನು. ಏರಿದ್ದಕ್ಕೆ ನಾನು ಹುಡುಕಿಕೊಂಡ ಜವಾಬನ್ನು ಅವಳಿಗೆ ಹೇಳಲಿಲ್ಲ, ಮನಸ್ಸಿನಲ್ಲೇ ಇಟ್ಟುಕೊಂಡೆ. ದೋಸ್ತ ನನಗೆ ಹೇಳದೆ, ತನ್ನ ಪಾಳಿಯಲ್ಲಿ ನನ್ನ ದಾಳಿಂಬೆಗೆ ಒಂದು ತಾಸು ನೀರು ಬಿಡುತ್ತಿದ್ದಾನೆ. ಅವನು ಅಂಥವನೇ. ಅದನ್ನು ನೆನೆದು ಔಷಧ ಹಾಕಿದ ಕಣ್ಣು ಒದ್ದೆಯಾಯಿತು. ಅಳಬಾರದು ಎಂದು ಡಾಕ್ಟರು ಹೇಳಿದ್ದರು.

ಕಣ್ಣು ಬಂದ ಮೇಲೆ ಎಸ್‌ಟಿ ಹತ್ತಿ ಅಕ್ಕಲಕೋಟೆಗೆ, ಅಲ್ಲಿಂದ ಇನ್ನೊಂದು ಬಸ್ಸಿಗೆ ಊರಿಗೆ ಹೋದೆ. ಹೊಸ ಕಣ್ಣಿನಲ್ಲಿ ಎಲ್ಲವೂ ತೊಳೆದಿಟ್ಟಂತೆ ಕಾಣುತ್ತಿತ್ತು. ಮನೆಗೂ ಹೋಗದೆ ಸೀದಾ ಹೊಲಕ್ಕೆ ನಡೆದೆ. ಬದುವಿನ ಮೇಲೆ ನಿಂತಾಗ ಮೊದಲು ಕಂಡದ್ದು ನೆಲ ಕೆಂಪಗಿರುವುದು. ನಮ್ಮ ಕಪ್ಪು ನೆಲ ಕೆಂಪಾದದ್ದು ಹೇಗೆ ಎಂದು ಕನ್ನಡಕ ತೆಗೆದೆ. ಹೂವು. ಒಂದೂ ಗಿಡದ ಮೇಲಿಲ್ಲ, ಎಲ್ಲ ನೆಲದ ಮೇಲೆ. ಕೆಳಗಿನವು ಒಣಗಿ ಕಂದಾಗಿದ್ದವು, ಮೇಲಿನವು ಇನ್ನೂ ಕೆಂಪಾಗಿದ್ದವು. ಎಲೆಗಳು ದೋಣಿಯಂತೆ ಮಡಚಿಕೊಂಡಿದ್ದವು. ಏಳನೇ ಸಾಲಿಗೆ ಹೋಗಿ ರವದಿ ಸರಿಸಿ ಒಂದು ಹಿಡಿ ಮಣ್ಣು ತೆಗೆದು ಒತ್ತಿದೆ. ಬೆರಳ ಸಂದಿಯಿಂದ ಹಿಟ್ಟಿನಂತೆ ಸುರಿಯಿತು. ಫೋನು ತೆಗೆದು ನೋಡಿದೆ. ನೀಲಿ.

ಸೊಸೆಗೆ ಫೋನು ಮಾಡಿ ನಿನ್ನ ಕಡ್ಡಿ ಸುಳ್ಳು ಹೇಳುತ್ತಿದೆ ಎಂದೆ. ಅವಳು ನನ್ನ ಹಾಗೆ ಗಡಿಬಿಡಿ ಮಾಡುವವಳಲ್ಲ. ಟೋಪಿಯ ಸುತ್ತ ಒಂದು ಕೊಡ ನೀರು ಸುರಿಯಲು ಹೇಳಿದಳು. ಸುರಿದು, ಕಾಲು ತಾಸು ಕಾದೆ. ಕಡ್ಡಿ ಎದ್ದಿತು, ಹೇಳಿತು, ಮಲಗಿತು. ಕೊಡ ನೀರಿಗೆ ಅದರ ಲೆಕ್ಕ ಕೂದಲೆಳೆಯಷ್ಟೂ ಅಲುಗಲಿಲ್ಲ. "ಕಿತ್ತಿ ನೋಡ್ರಿ" ಎಂದಳು. ಹಸಿರು ಟೋಪಿ ಹಿಡಿದು ಎಳೆದೆ. ಅದರ ಕೆಳಗೆ ಕಡ್ಡಿ ಇರಲಿಲ್ಲ. ಡ್ರಿಪ್ ಪೈಪಿನ ಒಂದು ತುಂಡು, ಅಳತೆಗೆ ಸರಿಯಾಗಿ ಕೊಯ್ದು, ಟೋಪಿಗೆ ಬಿಗಿಯಾಗಿ ಕೂಡಿಸಿದ್ದರು. ಜೀವನವಿಡೀ ಇದೇ ಕೆಲಸ ಮಾಡಿದ ನಾನು ಹೇಳಲೇಬೇಕು, ಕೈಗೆಲಸ ಚೊಕ್ಕವಾಗಿತ್ತು.

ಹಾಗಾದರೆ ಕಡ್ಡಿ ಎಲ್ಲಿದೆ? ಅವಳು ಹೇಳಿದಳು, ಎಲ್ಲಿದ್ದರೂ ಅದರ ವಿಳಾಸ ಅದರ ಜತೆಗೇ ಇರುತ್ತದೆ, ಡಬ್ಬಿಗೆ ದನಿ ಕೇಳುವಷ್ಟು ಹತ್ತಿರದಲ್ಲೇ ಇದೆ. ಕಳೆದುಹೋದರೆ ಹುಡುಕಲು ಅದರೊಳಗೆ ಒಂದು ಸಣ್ಣ ಪೀಪಿ ಇದೆ. ಇಲ್ಲಿಂದ ಅದರ ವಿಳಾಸಕ್ಕೆ ಕೂಗು ಎಂದು ಹೇಳಿಕಳಿಸುತ್ತೇನೆ, ಮುಂದಿನ ಸಲ ಎದ್ದಾಗ ಕೂಗುತ್ತದೆ, ಕಿವಿ ಕೊಟ್ಟು ಕೂತಿರಿ. ಆಮೇಲೆ ದನಿ ಇಳಿಸಿ, ಅವಳು ಕಾಕಾ ಎಂದು ಕರೆಯುವ ನನ್ನ ದೋಸ್ತನ ಬಗ್ಗೆ ಇನ್ನೊಂದು ಮಾತು ಹೇಳಿದಳು.

"ಮಾವಾರ, ಅವತ್ತ ಕಡ್ಡಿ ಹುಗಿಯಾಗ ಕಾಕಾ ನನ್ನ ಕೇಳಿದ್ರು. ಇದನ್ನ ಕಿತ್ತಿ ಬ್ಯಾರೆ ಕಡೆ ಹಚ್ಚಿದ್ರ ಪತ್ತಾ ಬದಲ ಆಗತೈತೇನವ್ವಾ ಅಂತ. ಇಲ್ಲರಿ, ಅದ ಇರತೈತಿ ಅಂತ ನಾ ಹೇಳಿದ್ನಿ."

ನಾನು ಫೋನು ಇಟ್ಟೆ. ಮೊದಲು ಬಂದದ್ದು ಸಿಟ್ಟಲ್ಲ, ಅದನ್ನೂ ಹೇಳುತ್ತೇನೆ. ಬಂದದ್ದು ನಗು. ಅಬ್ಬಾ ಮಗನೇ ಎಂದುಕೊಂಡೆ. ತಂಬಿಗೆ ನೀರು ಚಿಮುಕಿಸಿ ಉಂಡೆ ಮಾಡಿದ್ದಕ್ಕೆ ಇಷ್ಟು ವರ್ಷದ ಮೇಲೆ ತಿರುಗಿ ಕೊಟ್ಟ. ಇನ್ನೇನು ಬರುತ್ತಾನೆ, ಬದುವಿನ ಮೇಲೆ ನಿಂತು ನಗುತ್ತಾನೆ. ಹಾಗೆಂದುಕೊಂಡು ಕೂತೆ. ಆದರೆ ಕಾಲ ಬಳಿ ಹೂವಿನ ರಾಶಿ. ಒಂದು ದಿನದ ಹೂವಲ್ಲ ಅದು. ವಾರವಾರವೂ ಒಂದೊಂದು ಪದರ ಬಿದ್ದಿತ್ತು. ಪ್ರತಿ ಪದರಕ್ಕೂ ನನ್ನದೊಂದು ಫೋನು, ಅವನದೊಂದು "ಆತು ಹಂಗಾರ". ಅಷ್ಟು ವಾರ ಯಾವ ನಗುವನ್ನು ತಡೆದಿಟ್ಟುಕೊಳ್ಳಲು ಬರುತ್ತದೆ? ನಾನೇ ಮಧ್ಯಾಹ್ನದ ಮೇಲೆ ತಡೆಯಲಾರದವನು.

ಅವನು ಬಂದ. ಬಸ್ಸಿನಲ್ಲಿ ನನ್ನನ್ನು ಕಂಡವರು ಯಾರೋ ಹೇಳಿರಬೇಕು. ಕೈಯಲ್ಲಿ ಬುತ್ತಿಯ ಗಂಟು. ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ. ಪೈಪಿನ ತುಂಡನ್ನು ನಾನು ಮತ್ತೆ ನೆಟ್ಟು ರವದಿ ಮುಚ್ಚಿದ್ದೆ. ಬಾವಿಯ ಬೇವಿನ ನೆರಳಿಗೆ ಹೋಗಿ ಕೂತೆವು. ಅವನು ನನ್ನ ಗದ್ದ ಹಿಡಿದು ಮುಖ ಬಿಸಿಲಿಗೆ ತಿರುಗಿಸಿ, ಎರಡೂ ಕಣ್ಣು ನೋಡಿದ.

"ಬರೋಬ್ಬರಿ ಕಾಣತಾವೇನಲೇ?"

"ಎಲ್ಲಾ ಕಾಣತೈತಿ."

ಹೂವಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸೊಲ್ಲಾಪುರದ ಸುದ್ದಿ ಕೇಳಿದ. ಲೂಮಿನ ಸಪ್ಪಳ, ಟವೆಲ್ ವ್ಯಾಪಾರಿ ಮೆಟ್ಟಿಲ ಮೇಲೆ ಓಡುವುದು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಕಿವಿ ಮಾತ್ರ ಬೇರೆ ಕಡೆ ಇತ್ತು. ಎಲ್ಲೋ ಒಂದು ಕಡೆ ಕಡ್ಡಿ ಮಲಗಿದೆ. ಮೋಟರ್ ಖೋಲಿಯ ಮೇಲೆ ಡಬ್ಬಿ ಸೊಸೆಯ ಸುದ್ದಿ ಹಿಡಿದು ಕಾದಿದೆ. ರೊಟ್ಟಿ ಮುರಿಯುತ್ತ ನಾನು ಒಳಗೊಳಗೇ ಬೇಡಿಕೊಂಡದ್ದು, ಅದು ನನ್ನ ಹೊಲದಲ್ಲೇ ಎಲ್ಲಾದರೂ ಕೂಗಲಿ ಎಂದು. ಬದುವಿನಲ್ಲಿ ಕೂಗಲಿ, ಬಾವಿಯ ಹಾದಿಯಲ್ಲಿ ಕೂಗಲಿ. ನಾಯಿ ಎಳೆದೊಯ್ದಿರಲಿ.

ಎರಡನೇ ರೊಟ್ಟಿಗೆ ಕೂಗಿತು. ಸಣ್ಣ ದನಿ, ಬಿಟ್ಟು ಬಿಟ್ಟು. ಅವನ ಕಬ್ಬಿನ ಒಳಗಿನಿಂದ.

ಅವನ ಕೈ ಝುಣಕದ ಮೇಲೆ ನಿಂತಿತು. ಆಮೇಲೆ ತುತ್ತು ಮಾಡಿ ಬಾಯಿಗಿಟ್ಟ.

"ಹುಳ ಒದರಾಕತ್ತೈತಿ" ಎಂದ.

"ಯಾ ಹುಳಲೇ ಅದು?"

"ಇರತಾವ ಕಬ್ಬಿನ್ಯಾಗ. ಬ್ಯಾಸಗಿ ಬಂತಲ್ಲ."

ಎದ್ದೆ. ಬಗ್ಗಬೇಡಿ ಎಂದು ಡಾಕ್ಟರು ಹೇಳಿದ್ದು ನೆನಪಿತ್ತು. ಸೊಂಟದೆತ್ತರದ ಕಬ್ಬಿನಲ್ಲಿ ಗರಿ ಕಣ್ಣಿಗೆ ತಾಗದಂತೆ ಕೈ ಅಡ್ಡ ಹಿಡಿದು ದನಿಯ ಹಿಂದೆ ಹೋದೆ. ಆರನೆಯ ಸಾಲಿಗೇ ಇತ್ತು, ಕೆಸರಿನಲ್ಲಿ. ಕಬ್ಬಿನ ಬುಡ ಗಸಗಸ ಅನ್ನುವಷ್ಟು ಹಸಿ. ಕಡ್ಡಿಯ ಮೇಲೆ ಟೋಪಿ ಇರಲಿಲ್ಲ, ಅದರ ಟೋಪಿ ನನ್ನ ಹೊಲದಲ್ಲಿತ್ತಲ್ಲ. ಬದಲಿಗೆ ಒಂದು ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿದ್ದ. ಪಾಪ, ಬಿಸಿಲಿಗೆ ಕೆಡದಂತೆ ಕಾಳಜಿ ಮಾಡಿದ್ದ. ಕಿತ್ತು, ಧೋತರದ ಚುಂಗಿನಿಂದ ಮಣ್ಣು ಒರೆಸಿ, ಕೂಗುತ್ತಿದ್ದ ಹಾಗೆಯೇ ತಂದು ನಮ್ಮಿಬ್ಬರ ನಡುವೆ, ರೊಟ್ಟಿಯ ಪಕ್ಕ ಇಟ್ಟೆ.

ಅವನು ಕಡ್ಡಿಯನ್ನು ನೋಡಿದ, ನನ್ನ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತ ಹಿಂದಕ್ಕೆ ಬೇವಿನ ಬೊಡ್ಡೆಗೆ ಒರಗಿದ. "ಹೊಡದ್ನಿ ನೋಡಲೇ ದೋಸ್ತ, ಈ ಸಲ ನಿನ್ನ ಹೊಡದ್ನಿ" ಎಂದ. ನಾನೂ ನಕ್ಕೆ. ಕಡ್ಡಿ ಇನ್ನೂ ಕೂಗುತ್ತಿತ್ತು, ಅದನ್ನು ನಿಲ್ಲಿಸುವುದು ಹೇಗೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಆ ವರ್ಷದ ಬಹಾರ ಹೋಯಿತು. ಮನೆಮನೆಗೆ ಬುಟ್ಟಿ ಕಳಿಸುತ್ತೇನೆ ಎಂದಿದ್ದೆನಲ್ಲ, ಜನ ಖಾಲಿ ಬುಟ್ಟಿ ತಂದು ನನ್ನ ಕಟ್ಟೆಯ ಮೇಲೆ ಇಟ್ಟು ಹೋದರು. ಅದು ನನಗೆ ತಕ್ಕದ್ದೇ, ಬುಟ್ಟಿಗಳೂ ಒಳ್ಳೆಯವಿದ್ದವು, ಇಟ್ಟುಕೊಂಡೆ. ಸೊಸೆ ಮುಂದಿನ ರವಿವಾರ ಬಂದು ಕಡ್ಡಿಯನ್ನು ಸುಧಾರಿಸಿದಳು. ಈಗ ಅದನ್ನು ಯಾರಾದರೂ ನೆಲದಿಂದ ಅಲುಗಿಸಿದರೆ ಕೂಡಲೇ ಎದ್ದು ಸುದ್ದಿ ಕಳಿಸುತ್ತದೆ. ಅದರ ವಿಳಾಸಕ್ಕೆ ಅವಳೂ ನಾನೂ ಬಿಟ್ಟರೆ ಬೇರೆ ಯಾರೂ ಮಾತಾಡದಂತೆ ಬೀಗ ಹಾಕಿದ್ದಾಳೆ. ನನ್ನ ಡೈರಿಯಲ್ಲಿ ಏಳನೇ ಸಾಲು, ಮೂರನೇ ಗಿಡ ಎಂದು ಬರೆದದ್ದನ್ನು ಹೊಡೆದುಹಾಕಿ, ಅವಳು ಮರಾಠಿಯಲ್ಲಿ ಏನೋ ಬರೆದಿದ್ದಾಳೆ. ಕೇಳಿಲ್ಲ.

ಬಾವಿಗೆ ಈಗ ಕಾಗದವಾಗಿದೆ. ಅವನ ಕಡೆಯಿಂದಲೇ ಹೇಳಿಕೆ ಬಂತು, ಪಾಳಿ ಬರೆದಿಡೋಣ ಎಂದು. ಅಕ್ಕಲಕೋಟೆಯಲ್ಲಿ ಒಬ್ಬ ವಕೀಲರ ಎದುರು ಇಬ್ಬರೂ ಸಹಿ ಮಾಡಿದೆವು. ಮೂರು ದಿನ ನನಗೆ, ಮೂರು ದಿನ ಅವನಿಗೆ. ಹಸಿ ಇದ್ದರೂ ಇಲ್ಲದಿದ್ದರೂ ಅಷ್ಟೇ. ಒಂದೇ ಬೆಂಚಿನ ಮೇಲೆ ಕೂತಿದ್ದೆವು, ನಡುವೆ ಅವನ ಚೀಲ. ಮೋಟರ್ ಖೋಲಿಗೆ ಎರಡು ಬೀಗ ಬಿದ್ದಿವೆ. ಕಟ್ಟೆಯ ಮೇಲೆ ಯಾರೂ ಮಣ್ಣಿನ ಉಂಡೆ ಇಡುವುದಿಲ್ಲ. ನಾನು ಫೋನು ಮಾಡಿದರೆ ಅವನು ಎತ್ತುವುದಿಲ್ಲ. ನಾನು ಮಾಡುವುದನ್ನೂ ಬಿಟ್ಟಿಲ್ಲ.

ಅಷ್ಟು ನಕ್ಕವನು ಫೋನು ಯಾಕೆ ಎತ್ತುವುದಿಲ್ಲ ಎಂದು ನೀವು ಕೇಳುತ್ತೀರಿ. ಕೇಳಬೇಕಾದದ್ದೇ. ಇದರಲ್ಲಿ ನಾನು ಕಟ್ಟಿದ್ದು ಒಂದೇ ಒಂದು ಮಾತು. ಆ ನಗು. ಉಳಿದ ಎಲ್ಲವೂ ಆದದ್ದು ಆದ ಹಾಗೆ. ಬಸ್ಸು ಖಾಲಿ ಮಾಡಿಸಿದ್ದೂ ನಿಜ, ಕಡ್ಡಿ ಓ ಎಂದದ್ದೂ ನಿಜ. ಅವನು ನಗಲಿಲ್ಲ. ಕಡ್ಡಿ ಕೂಗುತ್ತಿದ್ದ ಹಾಗೇ ತಾಟಿನಲ್ಲಿದ್ದ ರೊಟ್ಟಿ ಮುಗಿಸಿ, ಕೈ ತೊಳೆದು, ಬುತ್ತಿಯ ಬಟ್ಟೆ ಝಾಡಿಸಿ ಮಡಚಿಕೊಂಡ. ಎದ್ದು ನಿಂತು, ನನ್ನನ್ನು ನೋಡದೆ, ನನ್ನ ದಾಳಿಂಬೆಯ ಕಡೆ ನೋಡುತ್ತ ಹೇಳಿದ:

"ನೀ ದಿನಾ ಕಡ್ಡೀನ ಕೇಳಿದಿ. ಒಂದ ದಿನಾರ ನನ್ನ ಕೇಳಿದ್ದೇನು?"